ತಟ್ಟೆಯಲ್ಲಿ ಬೆಳೆದ ಬೂಷ್ಟು, ಚರಂಡಿಗೆ ಬಿದ್ದ ಗುಳಿಗೆ

ವಿಜ್ಞಾನಿಯ ಬದುಕು: ಅಲೆಕ್ಸಾಂಡರ್ ಫ್ಲೆಮಿಂಗ್ (1881–1955)



ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನಲ್ಲಿ ಮೋರಖಂಡಿ ಎಂಬ ಊರಿದೆ. ರಾಷ್ಟ್ರಕೂಟರ ಶಾಸನಗಳಲ್ಲಿ ಬರುವ ಮಯೂರಖಂಡಿ ಇದೇ ಇರಬಹುದೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ನೀವು ಆ ಊರಿನವರೇ ಆಗಿರಿ, ಪಕ್ಕದ ಹುಮನಾಬಾದ್ ತಾಲ್ಲೂಕಿನವರಾಗಿರಿ, ನಾಡಿನ ಬೇರೆ ಯಾವುದೇ ಮೂಲೆಯವರಾಗಿರಿ, ನಿಮಗೊಂದು ಪ್ರಶ್ನೆ. ನಿಮ್ಮ ಮನೆಯ ಗೋಡೆಯ ಗೂಡಿನಲ್ಲೋ ಕಪಾಟಿನ ಮೂಲೆಯಲ್ಲೋ ಹಳೆಯ ಗುಳಿಗೆಗಳ ಒಂದು ಚೀಲ ಇದೆಯಲ್ಲವೆ? ಜ್ವರ ಇಳಿದ ಮೇಲೆ ಉಳಿದ ಗುಳಿಗೆ, ಅರ್ಧ ಕುಡಿದ ಔಷಧದ ಸೀಸೆ, ಎತ್ತಿನ ಗಾಯಕ್ಕೆ ತಂದ ಮದ್ದು, ಎಲ್ಲವೂ ಅದರಲ್ಲಿ ಇರುತ್ತವೆ. ಹಬ್ಬದ ಮುಂಚೆ ಮನೆ ಸಾರಿಸುವಾಗ ಆ ಚೀಲ ಎಲ್ಲಿಗೆ ಹೋಗುತ್ತದೆ? ಚರಂಡಿಗೆ, ತಿಪ್ಪೆಗೆ ಅಥವಾ ಹಳ್ಳಕ್ಕೆ.

ಅಲ್ಲಿಗೆ ಅದರ ಕಥೆ ಮುಗಿಯಿತೆಂದು ನಾವು ತಿಳಿಯುತ್ತೇವೆ. ಆದರೆ ಮುಗಿಯುವುದಿಲ್ಲ. ಏಕೆ ಮುಗಿಯುವುದಿಲ್ಲ ಎಂಬುದನ್ನು ತಿಳಿಯಲು ಒಬ್ಬ ವಿಜ್ಞಾನಿಯ ಬದುಕನ್ನು ನಾವು ನೋಡಬೇಕು. ಜಗತ್ತಿಗೆ ಪೆನಿಸಿಲಿನ್ ಎಂಬ ಅಮೂಲ್ಯ ಔಷಧದ ದಾರಿ ತೋರಿಸಿದವರು ಅವರು. ಆ ಔಷಧವನ್ನು ಅಜಾಗರೂಕತೆಯಿಂದ ಬಳಸಿದರೆ ಏನಾಗುತ್ತದೆ ಎಂದು ಎಚ್ಚರಿಸಿದವರೂ ಅವರೇ.

ಕುರಿಗಾರರ ಮನೆಯ ಹುಡುಗ

ಅಲೆಕ್ಸಾಂಡರ್ ಫ್ಲೆಮಿಂಗ್ ಹುಟ್ಟಿದ್ದು 1881ರ ಆಗಸ್ಟ್ 6ರಂದು, ಸ್ಕಾಟ್ಲೆಂಡಿನ ಲಾಕ್‌ಫೀಲ್ಡ್ ಎಂಬ ಹೊಲಮನೆಯಲ್ಲಿ. ತಂದೆ ಕುರಿ ಸಾಕುತ್ತಿದ್ದ ರೈತ. ಎಂಟು ಮಕ್ಕಳ ದೊಡ್ಡ ಸಂಸಾರ. ಅಲೆಕ್ಸಾಂಡರ್ ಏಳನೆಯವನು. ಅವನಿಗೆ ಏಳು ವರ್ಷವಾದಾಗ ತಂದೆ ತೀರಿಕೊಂಡರು. ತಾಯಿ ಮತ್ತು ದೊಡ್ಡಣ್ಣ ಹೊಲಮನೆಯನ್ನು ನಡೆಸಿದರು.

ನಿಮ್ಮಲ್ಲಿ ಹಲವರಂತೆ ಈ ಹುಡುಗನೂ ನಡೆದೇ ಶಾಲೆಗೆ ಹೋಗುತ್ತಿದ್ದನು. ಮೊದಲ ಶಾಲೆ ಮನೆಗೆ ಹತ್ತಿರವಿತ್ತು. ಮುಂದಿನ ಶಾಲೆ ಡಾರ್ವೆಲ್ ಎಂಬ ಊರಿನಲ್ಲಿತ್ತು. ಅಲ್ಲಿಗೆ ಹೋಗಲು ಸುಮಾರು ಆರು ಕಿಲೊಮೀಟರ್ ನಡೆಯಬೇಕಾಗಿತ್ತು. ಗುಡ್ಡ, ತೊರೆ, ಹಕ್ಕಿಗೂಡು, ಮೊಲದ ಬಿಲಗಳ ನಡುವೆ ದಿನವೂ ಹೋಗಿ ಬರುತ್ತ ಅವನು ಒಂದು ಗುಣವನ್ನು ಕಲಿತನು. ಕಣ್ಣಿಗೆ ಬಿದ್ದುದನ್ನು ಸುಮ್ಮನೆ ದಾಟಿ ಹೋಗದೆ ನಿಂತು ನೋಡುವ ಗುಣ ಅದು. ಮುಂದೆ ಈ ಗುಣವೇ ಅವನ ದೊಡ್ಡ ಆಸ್ತಿಯಾಯಿತು.

ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ಅವನು ಲಂಡನ್ ನಗರಕ್ಕೆ ಹೋಗಿ ಅಣ್ಣಂದಿರ ಜೊತೆ ಸೇರಿದನು. ಸ್ವಲ್ಪ ಕಾಲ ಓದಿ, ಹಡಗು ಕಂಪನಿಯೊಂದರ ಕಚೇರಿಯಲ್ಲಿ ಗುಮಾಸ್ತನಾದನು. ನಾಲ್ಕು ವರ್ಷ ಲೆಕ್ಕ ಬರೆದನು. ಆ ಕೆಲಸ ಅವನಿಗೆ ಹಿಡಿಸಲಿಲ್ಲ. 1901ರಲ್ಲಿ ಸಂಬಂಧಿಕರೊಬ್ಬರ ಆಸ್ತಿಯಲ್ಲಿ ಅವನಿಗೂ ಒಂದಿಷ್ಟು ಹಣ ಬಂತು. ಆ ಹಣದಿಂದ ಸೇಂಟ್ ಮೇರೀಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಸೇರಿದನು.

1906ರಲ್ಲಿ ಫ್ಲೆಮಿಂಗ್ ವೈದ್ಯರಾದರು. ಅವರು ಗುರಿ ಇಟ್ಟು ಬಂದೂಕು ಹಾರಿಸುವುದರಲ್ಲಿ ನಿಪುಣರು. ಆಸ್ಪತ್ರೆಯ ಬಂದೂಕು ತಂಡಕ್ಕೆ ಇಂಥ ಆಟಗಾರನನ್ನು ಕಳೆದುಕೊಳ್ಳಲು ಇಷ್ಟವಿರಲಿಲ್ಲ. ತಂಡದ ನಾಯಕರು ಅಲ್ಲಿಯೇ ಇದ್ದ ಆಲ್ಮ್ರಾತ್ ರೈಟ್ ಅವರ ಪ್ರಯೋಗಶಾಲೆಯಲ್ಲಿ ಅವರಿಗೆ ಕೆಲಸ ಸಿಗುವಂತೆ ಮಾಡಿದರು. ಹೀಗೆ ಒಂದು ಆಟದ ನೆಪದಿಂದ ಫ್ಲೆಮಿಂಗ್ ಸೂಕ್ಷ್ಮಜೀವಿಗಳ ಲೋಕಕ್ಕೆ ಕಾಲಿಟ್ಟರು. ಬದುಕಿನ ಉಳಿದ ಕಾಲವನ್ನೆಲ್ಲ ಅದೇ ಆಸ್ಪತ್ರೆಯಲ್ಲಿ ಕಳೆದರು.

ಯುದ್ಧ ಕಲಿಸಿದ ಪಾಠ

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಫ್ಲೆಮಿಂಗ್ ಫ್ರಾನ್ಸಿನ ಬೂಲೋನ್ ಎಂಬಲ್ಲಿ ಗಾಯಾಳು ಸೈನಿಕರ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಸೈನಿಕರು ಗುಂಡಿನ ಏಟಿನಿಂದ ಸಾಯುತ್ತಿದ್ದಂತೆ, ಆ ಗಾಯ ಕೀವಾಗಿ ವಿಷವೇರಿ ಕೂಡ ಸಾಯುತ್ತಿದ್ದರು. ಗಾಯದ ಮೇಲೆ ಆಗಿನ ವೈದ್ಯರು ಕಟುವಾದ ರೋಗಾಣುನಾಶಕಗಳನ್ನು ಸುರಿಯುತ್ತಿದ್ದರು. ಫ್ಲೆಮಿಂಗ್ ಪರೀಕ್ಷಿಸಿ ನೋಡಿದರು. ಆಳವಾದ ಗಾಯದಲ್ಲಿ ಆ ದ್ರವ ರೋಗಾಣುಗಳನ್ನು ಮುಟ್ಟುತ್ತಲೇ ಇರಲಿಲ್ಲ. ಬದಲಿಗೆ, ರೋಗಾಣುಗಳ ವಿರುದ್ಧ ಹೋರಾಡುವ ನಮ್ಮ ರಕ್ತದ ಬಿಳಿಕಣಗಳನ್ನೇ ಅದು ಕೊಲ್ಲುತ್ತಿತ್ತು!

ಮದ್ದು ಒಳ್ಳೆಯದೇ. ಆದರೆ ತಪ್ಪು ಜಾಗದಲ್ಲಿ ಬಿದ್ದರೆ ಕೆಡುಕು ಮಾಡುತ್ತದೆ. ಈ ಪಾಠವನ್ನು ನೆನಪಿಡಿ. ಮುಂದೆ ನಮಗೆ ಇದು ಬೇಕಾಗುತ್ತದೆ.

ರೋಗಾಣುವನ್ನು ಕೊಂದು ಮನುಷ್ಯನನ್ನು ಉಳಿಸುವ ವಸ್ತು ಎಲ್ಲಿದೆ? ಫ್ಲೆಮಿಂಗ್ ಹುಡುಕತೊಡಗಿದರು. ಒಮ್ಮೆ ಅವರಿಗೆ ನೆಗಡಿಯಾಗಿತ್ತು. ತಮ್ಮ ಮೂಗಿನ ಸಿಂಬಳವನ್ನೇ ಬ್ಯಾಕ್ಟೀರಿಯ ಬೆಳೆಸುವ ತಟ್ಟೆಗೆ ಹಾಕಿ ನೋಡಿದರು. ಸಿಂಬಳದ ಸುತ್ತ ಕೆಲವು ಬ್ಯಾಕ್ಟೀರಿಯಗಳು ಕರಗಿಹೋದವು. ಕಣ್ಣೀರಿನಲ್ಲೂ ಜೊಲ್ಲಿನಲ್ಲೂ ಮೊಟ್ಟೆಯ ಬಿಳಿಯಲ್ಲೂ ಈ ವಸ್ತು ಇತ್ತು. ಅದಕ್ಕೆ ಲೈಸೊಜೈಮ್ ಎಂದು ಹೆಸರಾಯಿತು. ಇದು 1922ರಲ್ಲಿ ಪ್ರಕಟವಾಯಿತು. ಪ್ರಯೋಗಕ್ಕೆ ಕಣ್ಣೀರು ಬೇಕಲ್ಲ! ಅದಕ್ಕಾಗಿ ಜೊತೆಗಾರರ ಕಣ್ಣಿಗೆ ನಿಂಬೆಸಿಪ್ಪೆಯ ರಸ ಚಿಮುಕಿಸುತ್ತಿದ್ದರಂತೆ. ಆದರೆ ಲೈಸೊಜೈಮ್ ದೊಡ್ಡ ರೋಗಗಳ ಬ್ಯಾಕ್ಟೀರಿಯಗಳನ್ನು ಕೊಲ್ಲಲಿಲ್ಲ. ಹುಡುಕಾಟ ಮುಂದುವರಿಯಿತು.

ಬೂಷ್ಟು ಹಿಡಿದ ತಟ್ಟೆ

1928ರ ಬೇಸಿಗೆ. ಫ್ಲೆಮಿಂಗ್ ರಜೆಯ ಮೇಲೆ ಊರಿಗೆ ಹೋದರು. ಕೀವು ಉಂಟುಮಾಡುವ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಗಳನ್ನು ಬೆಳೆಸಿದ ತಟ್ಟೆಗಳು ಮೇಜಿನ ಮೂಲೆಯಲ್ಲಿ ಉಳಿದಿದ್ದವು. ಸೆಪ್ಟೆಂಬರ್ ಮೊದಲ ವಾರ ಅವರು ಹಿಂದಿರುಗಿ ಹಳೆಯ ತಟ್ಟೆಗಳನ್ನು ತೆಗೆದು ನೋಡತೊಡಗಿದರು.

ಒಂದು ತಟ್ಟೆಗೆ ಬೂಷ್ಟು ಹಿಡಿದಿತ್ತು. ಹಳಸಿದ ರೊಟ್ಟಿಯ ಮೇಲೆ, ಕೊಳೆತ ನಿಂಬೆಹಣ್ಣಿನ ಮೇಲೆ ನೀವು ಹಸಿರು ನೀಲಿ ಬೂಷ್ಟನ್ನು ನೋಡಿದ್ದೀರಿ. ಅದೇ ಜಾತಿಯದು. ಬೇರೆಯವರಾಗಿದ್ದರೆ ತಟ್ಟೆ ಕೆಟ್ಟಿತೆಂದು ತೊಳೆಯಲು ಹಾಕುತ್ತಿದ್ದರು. ಫ್ಲೆಮಿಂಗ್ ನಿಂತು ನೋಡಿದರು. ತಟ್ಟೆಯ ತುಂಬ ಬ್ಯಾಕ್ಟೀರಿಯಗಳ ಚುಕ್ಕೆಗಳಿದ್ದವು. ಆದರೆ ಬೂಷ್ಟಿನ ಸುತ್ತ ಮಾತ್ರ ಒಂದು ಚುಕ್ಕೆಯೂ ಸರಿಯಾಗಿ ಉಳಿದಿರಲಿಲ್ಲ. ಬೂಷ್ಟಿನಿಂದ ಯಾವುದೋ ರಸ ಹೊರಬಂದು ಬ್ಯಾಕ್ಟೀರಿಯಗಳನ್ನು ಕರಗಿಸಿತ್ತು!

ಆ ಬೂಷ್ಟು ಪೆನಿಸಿಲಿಯಂ ಎಂಬ ಶಿಲೀಂಧ್ರದ ಗುಂಪಿಗೆ ಸೇರಿತ್ತು. ಆದ್ದರಿಂದ ಅದರ ರಸಕ್ಕೆ ಫ್ಲೆಮಿಂಗ್ ಪೆನಿಸಿಲಿನ್ ಎಂದು ಹೆಸರಿಟ್ಟರು. ರಸವನ್ನು ನೀರಿನಲ್ಲಿ ತೆಳುಗೊಳಿಸುತ್ತ ಹೋಗಿ ಪರೀಕ್ಷಿಸಿದರು. 800 ಪಟ್ಟು ತೆಳುಗೊಳಿಸಿದ ಮೇಲೂ ಅದು ಸ್ಟೆಫೈಲೊಕಾಕಸ್ ಬೆಳೆಯದಂತೆ ತಡೆಯಿತು. ರಕ್ತದ ಬಿಳಿಕಣಗಳಿಗೆ ಮಾತ್ರ ಏನೂ ಹಾನಿ ಮಾಡಲಿಲ್ಲ. ಯುದ್ಧಕಾಲದಿಂದ ಅವರು ಹುಡುಕುತ್ತಿದ್ದುದು ಇದನ್ನೇ. 1929ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆದರೆ ರಸದಿಂದ ಪೆನಿಸಿಲಿನ್ನನ್ನು ಶುದ್ಧವಾಗಿ ಬೇರ್ಪಡಿಸುವುದು ಅವರಿಗೆ ಸಾಧ್ಯವಾಗಲಿಲ್ಲ.

ಮೂತ್ರದಿಂದ ಮರಳಿ ಬಂದ ಮದ್ದು

ಹತ್ತು ವರ್ಷಗಳ ನಂತರ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಹೊವರ್ಡ್ ಫ್ಲೋರಿ, ಅರ್ನ್ಸ್ಟ್ ಚೈನ್, ನಾರ್ಮನ್ ಹೀಟ್ಲಿ ಮತ್ತು ಅವರ ಗೆಳೆಯರು ಈ ಕೆಲಸವನ್ನು ಕೈಗೆತ್ತಿಕೊಂಡರು. 1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ಬ್ಯಾಕ್ಟೀರಿಯಗಳನ್ನು ಚುಚ್ಚಿದರು. ನಾಲ್ಕಕ್ಕೆ ಪೆನಿಸಿಲಿನ್ ಕೊಟ್ಟರು. ಮಾರನೆಯ ಬೆಳಗ್ಗೆ ಆ ನಾಲ್ಕು ಬದುಕಿದ್ದವು, ಉಳಿದ ನಾಲ್ಕು ಸತ್ತಿದ್ದವು.

1941ರ ಫೆಬ್ರವರಿಯಲ್ಲಿ ಆಸ್ಪತ್ರೆಯಲ್ಲಿದ್ದ ಒಬ್ಬ ಪೊಲೀಸ್ ಪೇದೆಗೆ ಪೆನಿಸಿಲಿನ್ ಕೊಡಲಾಯಿತು. ಅವರ ಮುಖ, ಕಣ್ಣು, ಶ್ವಾಸಕೋಶಗಳಿಗೆ ಕೀವು ಹರಡಿತ್ತು. ಮದ್ದು ಕೊಟ್ಟ ಮೇಲೆ ಜ್ವರ ಇಳಿಯಿತು, ಅವರು ಊಟ ಮಾಡತೊಡಗಿದರು. ಆದರೆ ಜಗತ್ತಿನಲ್ಲಿದ್ದ ಪೆನಿಸಿಲಿನ್ನೇ ಬಹಳ ಕಡಿಮೆ. ಅದು ಮುಗಿಯುತ್ತ ಬಂತು.

ಆಗ ಆ ವಿಜ್ಞಾನಿಗಳು ಏನು ಮಾಡಿದರು ಗೊತ್ತೆ? ರೋಗಿಯ ಮೂತ್ರವನ್ನು ಸಂಗ್ರಹಿಸಿ, ಸೈಕಲ್ಲಿನ ಮೇಲೆ ಪ್ರಯೋಗಶಾಲೆಗೆ ಒಯ್ದು, ಅದರಿಂದ ಪೆನಿಸಿಲಿನ್ನನ್ನು ಮತ್ತೆ ಬೇರ್ಪಡಿಸಿ ಅದೇ ರೋಗಿಗೆ ಕೊಟ್ಟರು! ದೇಹಕ್ಕೆ ಹೋದ ಪೆನಿಸಿಲಿನ್ನಿನ ಬಹುಪಾಲು ಹಾಗೆಯೇ, ಏನೂ ಬದಲಾಗದೆ, ಮೂತ್ರದಲ್ಲಿ ಹೊರಬರುತ್ತಿತ್ತು. ಅಷ್ಟಾದರೂ ಮದ್ದು ಸಾಲಲಿಲ್ಲ. ಮಾರ್ಚ್ 15ರಂದು ಆ ಪೇದೆ ತೀರಿಕೊಂಡರು.

ಮುಂದೆ ಅಮೆರಿಕದ ಕಾರ್ಖಾನೆಗಳಲ್ಲಿ ಪೆನಿಸಿಲಿನ್ ಹೇರಳವಾಗಿ ತಯಾರಾಯಿತು. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅದು ಸಾವಿರಾರು ಸೈನಿಕರ ಜೀವ ಉಳಿಸಿತು. 1945ರಲ್ಲಿ ಫ್ಲೆಮಿಂಗ್, ಫ್ಲೋರಿ ಮತ್ತು ಚೈನ್ ಮೂವರಿಗೂ ನೊಬೆಲ್ ಬಹುಮಾನ ಬಂತು. ನಮ್ಮ ದೇಶದಲ್ಲೂ ಪೆನಿಸಿಲಿನ್ ತಯಾರಿಸಲು 1954ರಲ್ಲಿ ಪುಣೆಯ ಬಳಿಯ ಪಿಂಪರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಎಂಬ ಸರ್ಕಾರಿ ಕಂಪನಿ ಸ್ಥಾಪನೆಯಾಯಿತು.

ಬಹುಮಾನದ ವೇಳೆಯ ಎಚ್ಚರಿಕೆ

ಬಹುಮಾನ ಪಡೆದವರು ತಮ್ಮ ಶೋಧದ ಬಗ್ಗೆ ಒಂದು ಉಪನ್ಯಾಸ ಕೊಡುವುದು ವಾಡಿಕೆ. 1945ರ ಡಿಸೆಂಬರ್ 11ರಂದು ಫ್ಲೆಮಿಂಗ್ ಮಾತನಾಡಿದರು. ತಮ್ಮ ಮದ್ದನ್ನು ಹೊಗಳಿಕೊಳ್ಳುವ ಬದಲು ಅದರ ಅಪಾಯವನ್ನು ಹೇಳಿದರು.

ಬ್ಯಾಕ್ಟೀರಿಯಗಳಿಗೆ ಸಾಯುವಷ್ಟು ಪೆನಿಸಿಲಿನ್ ಸಿಗದೆ ಸ್ವಲ್ಪ ಸ್ವಲ್ಪವೇ ಸಿಕ್ಕರೆ, ಅವು ಅದನ್ನು ತಾಳಿಕೊಳ್ಳುವುದನ್ನು ಕಲಿಯುತ್ತವೆ ಎಂದು ಅವರು ಪ್ರಯೋಗಶಾಲೆಯಲ್ಲಿ ಕಂಡಿದ್ದರು. ಮನುಷ್ಯನ ದೇಹದಲ್ಲೂ ಹೀಗಾಗಬಹುದು ಎಂದರು. ಇದನ್ನು ವಿವರಿಸಲು ಒಂದು ಕಲ್ಪಿತ ಸಂಸಾರದ ಕಥೆ ಹೇಳಿದರು. ಗಂಡನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು ತಂದು ಸ್ವಲ್ಪ ಮಾತ್ರ ತೆಗೆದುಕೊಳ್ಳುತ್ತಾನೆ. ಅವನ ಗಂಟಲಿನ ಬ್ಯಾಕ್ಟೀರಿಯಗಳು ಸಾಯುವ ಬದಲು ಗಟ್ಟಿಯಾಗುತ್ತವೆ. ಅವು ಹೆಂಡತಿಗೆ ಅಂಟುತ್ತವೆ. ಈಗ ಅವಳಿಗೆ ಪೆನಿಸಿಲಿನ್ ಕೊಟ್ಟರೂ ಕೆಲಸ ಮಾಡುವುದಿಲ್ಲ. ಅವಳು ಸಾಯುತ್ತಾಳೆ. ತಪ್ಪು ಮಾಡಿದವನು ಒಬ್ಬ, ಬೆಲೆ ತೆತ್ತವಳು ಇನ್ನೊಬ್ಬಳು.

ಅವರ ಮಾತು ನಿಜವಾಯಿತು. ಇಂಥ ಮದ್ದುಗಳನ್ನು ಪ್ರತಿಜೀವಕಗಳು ಎನ್ನುತ್ತಾರೆ. ಪೆನಿಸಿಲಿನ್ ಅವುಗಳಲ್ಲಿ ಒಂದು. ಅದರ ನಂತರ ಹತ್ತಾರು ಪ್ರತಿಜೀವಕಗಳು ಬಂದವು. ಬ್ಯಾಕ್ಟೀರಿಯಗಳು ಒಂದೊಂದನ್ನೇ ತಾಳಿಕೊಳ್ಳಲು ಕಲಿಯುತ್ತ ಹೋದವು. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಗಳಿಂದಲೇ ಸತ್ತರೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ಬ್ಯಾಕ್ಟೀರಿಯ ಹೇಗೆ ಕಲಿಯುತ್ತದೆ?

ಬ್ಯಾಕ್ಟೀರಿಯಕ್ಕೆ ಮೆದುಳಿಲ್ಲ. ಹಾಗಾದರೆ ಕಲಿಯುವುದೆಂದರೇನು? ಲಕ್ಷಾಂತರ ಬ್ಯಾಕ್ಟೀರಿಯಗಳಲ್ಲಿ ಎಲ್ಲವೂ ಒಂದೇ ತರಹ ಇರುವುದಿಲ್ಲ. ಒಂದೆರಡು ಹುಟ್ಟಿನಿಂದಲೇ ಮದ್ದನ್ನು ಸ್ವಲ್ಪ ತಾಳಿಕೊಳ್ಳಬಲ್ಲವು. ಮದ್ದು ಬಂದಾಗ ಉಳಿದವು ಹಿಂದೆ ಬೀಳುತ್ತವೆ. ಈ ಒಂದೆರಡು ಉಳಿಯುತ್ತವೆ. ಎಲ್ಲ ಜಾಗ, ಎಲ್ಲ ಆಹಾರ ಇವುಗಳ ಪಾಲಾಗುತ್ತದೆ. ಅವುಗಳ ಸಂತಾನವೇ ಹೆಚ್ಚುತ್ತದೆ. ಅಷ್ಟೇ ಅಲ್ಲ, ಮದ್ದನ್ನು ತಾಳುವ ಗುಣವನ್ನು ಅವು ಪಕ್ಕದ ಬ್ಯಾಕ್ಟೀರಿಯಗಳಿಗೂ ದಾಟಿಸಬಲ್ಲವು.

ಅನುಕೂಲವಾದ ಸ್ಥಿತಿಯಲ್ಲಿ ಕೆಲವು ಬ್ಯಾಕ್ಟೀರಿಯಗಳು 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಒಂದರಿಂದ ಶುರುವಾದರೆ ಹತ್ತು ಗಂಟೆಯಲ್ಲಿ 30 ಸಲ ದ್ವಿಗುಣ. ಅಂದರೆ 107 ಕೋಟಿಗೂ ಹೆಚ್ಚು! ಲೆಕ್ಕ ಮಾಡಿ ನೋಡಿ.

ಚೀಲದ ಗುಳಿಗೆಯ ಪ್ರಯಾಣ

ಈಗ ನಮ್ಮ ಮನೆಯ ಗುಳಿಗೆ ಚೀಲಕ್ಕೆ ಮರಳೋಣ. ಚರಂಡಿಗೆ ಬಿದ್ದ ಗುಳಿಗೆ ಕರಗುತ್ತದೆ. ಚರಂಡಿ ನೀರು ಹಳ್ಳಕ್ಕೆ, ಹಳ್ಳ ಕೆರೆಗೆ ಸೇರುತ್ತದೆ. ತಿಪ್ಪೆಗೆ ಬಿದ್ದ ಗುಳಿಗೆ ಮಳೆಗಾಲದಲ್ಲಿ ಕರಗಿ ನೆಲದೊಳಗೆ ಇಳಿಯುತ್ತದೆ. ಬೀದರ್ ಸೀಮೆಯಲ್ಲಿ ಬಹಳ ಕಡೆ ಜಂಬಿಟ್ಟಿಗೆ ಎಂಬ ಕೆಂಪು ಕಲ್ಲಿನ ನೆಲವಿದೆ. ಅದರಲ್ಲಿ ಸಣ್ಣ ಸಣ್ಣ ತೂತುಗಳಿವೆ. ಮಳೆನೀರು ಅದರ ಮೂಲಕ ಬಾವಿಗೆ ಇಳಿಯುತ್ತದೆ. ನೀರಿಗೆ ದಾರಿ ಇದ್ದರೆ ನೀರಿನಲ್ಲಿ ಕರಗಿದ್ದಕ್ಕೂ ದಾರಿ ಇರುತ್ತದೆ.

ಬಿಸಿಲು, ಮಣ್ಣು ಮತ್ತು ಕಾಲ ಸೇರಿ ಎಷ್ಟೋ ಮದ್ದುಗಳನ್ನು ಒಡೆಯುತ್ತವೆ. ಎಲ್ಲವನ್ನೂ ಅಲ್ಲ. ಉಳಿದದ್ದು ಬಹಳ ತೆಳುವಾಗಿ ನೀರಿನಲ್ಲಿರುತ್ತದೆ. ತೆಳುವಾದರೆ ಚಿಂತೆಯೇನು ಎನ್ನುತ್ತೀರಾ? ಫ್ಲೆಮಿಂಗ್ ಹೆದರಿದ್ದು ಈ ಸ್ವಲ್ಪಕ್ಕೇ. ಚರಂಡಿಯಲ್ಲೂ ಹಳ್ಳದಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳಿವೆ. ಅವುಗಳಿಗೆ ಸಾಯುವಷ್ಟು ಮದ್ದು ಸಿಗುವುದಿಲ್ಲ, ಗಟ್ಟಿಯಾಗುವಷ್ಟು ಸಿಗುತ್ತದೆ.

2011ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಸ್ವಲ್ಪ ಎಂದರೆ ಎಷ್ಟು ಎಂದು ಅಳೆದರು. ಸಿಪ್ರೊಫ್ಲಾಕ್ಸಾಸಿನ್ ಎಂಬ ಪ್ರತಿಜೀವಕ ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಪಾಲು ಇದ್ದರೂ ಸಾಕು, ಮದ್ದನ್ನು ತಾಳುವ ಬ್ಯಾಕ್ಟೀರಿಯಗಳು ಉಳಿದವನ್ನು ಹಿಂದಿಕ್ಕಿದವು. ಈಗ ಗಣಿತ ಮಾಡೋಣ. ಒಂದು ಗುಳಿಗೆಯಲ್ಲಿ 500 ಮಿಲಿಗ್ರಾಂ ಮದ್ದಿದೆ. ಅದು ಪೂರ್ತಿ ಕರಗಿದರೆ 50 ಲಕ್ಷ ಲೀಟರ್ ನೀರನ್ನು ಆ ಮಟ್ಟಕ್ಕೆ ತರಬಲ್ಲದು. ಅಂದರೆ 5,000 ಲೀಟರಿನ ಟ್ಯಾಂಕರುಗಳು ಸಾವಿರ! ಇದು ಪ್ರಯೋಗಶಾಲೆಯ ಲೆಕ್ಕ. ಹೊರಗೆ ಮದ್ದು ಅಷ್ಟು ಸಮವಾಗಿ ಹರಡುವುದಿಲ್ಲ. ಆದರೂ ಒಂದು ಗುಳಿಗೆ ಸಣ್ಣದಲ್ಲ ಎಂದು ಇದರಿಂದ ತಿಳಿಯುತ್ತದೆ.

ಹೆದ್ದಾರಿಯ ಆ ತುದಿಯಲ್ಲಿ

ಹುಮನಾಬಾದಿನ ಮೂಲಕ ಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯನ್ನು ನೀವು ಬಲ್ಲಿರಿ. ಅದರಲ್ಲಿ ಪೂರ್ವಕ್ಕೆ ಹೋದರೆ, ಹೈದರಾಬಾದ್ ಸೇರುವ ಮುನ್ನ ಪಟನಚೆರು ಎಂಬ ಊರು ಸಿಗುತ್ತದೆ. ಅದರ ಸುತ್ತ ಔಷಧ ಕಾರ್ಖಾನೆಗಳಿವೆ. ಸುಮಾರು 90 ಔಷಧ ತಯಾರಕರ ಹೊಲಸು ನೀರು ಅಲ್ಲಿನ ಒಂದು ಶುದ್ಧೀಕರಣ ಘಟಕಕ್ಕೆ ಬರುತ್ತಿತ್ತು. 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಆ ಘಟಕದಿಂದ ಹೊರಬಂದ ನೀರಿನ ಫಲಿತಾಂಶ ಪ್ರಕಟಿಸಿದರು. ಒಂದು ಲೀಟರಿನಲ್ಲಿ 31 ಮಿಲಿಗ್ರಾಮಿನವರೆಗೂ ಸಿಪ್ರೊಫ್ಲಾಕ್ಸಾಸಿನ್ ಇತ್ತು. ದಿನಕ್ಕೆ ಸುಮಾರು 45 ಕಿಲೊಗ್ರಾಂ. ಅದು 500 ಮಿಲಿಗ್ರಾಮಿನ 90,000 ಗುಳಿಗೆಗಳಿಗೆ ಸಮ! 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅಲ್ಲಿನ ಹಳ್ಳಿಗಳ ಹಲವು ಬಾವಿಗಳಲ್ಲೂ ಔಷಧಗಳು ಸಿಕ್ಕವು.

ಆ ನೀರು ನಕ್ಕವಾಗು ಎಂಬ ಹಳ್ಳದ ಮೂಲಕ ಮಾಂಜ್ರಾ ನದಿಯನ್ನು ಸೇರುತ್ತಿತ್ತು. ಬೀದರ್ ಜಿಲ್ಲೆಯಲ್ಲಿ ಹರಿದು ಮುಂದೆ ಹೋಗುವ ಮಾಂಜ್ರಾ ನದಿಯೇ ಅದು. ಅಲ್ಲಿನ ಕೆಡುಕು ಕಾರ್ಖಾನೆಗಳಿಂದ ಆದದ್ದು. ಮನೆಯ ಗುಳಿಗೆ ಚೀಲ ಅದರ ಮುಂದೆ ಬಹಳ ಚಿಕ್ಕದು. ಕಾರ್ಖಾನೆಗಳನ್ನು ಸರಿಪಡಿಸುವುದು ಸರ್ಕಾರದ ಮತ್ತು ಕಾರ್ಖಾನೆಗಳ ಹೊಣೆ. ಆದರೆ ಮನೆಯ ಚೀಲ ನಮ್ಮ ಕೈಯಲ್ಲೇ ಇದೆ.

ಔಷಧ ತಪ್ಪು ಜಾಗಕ್ಕೆ ಹೋದರೆ ಏನಾಗುತ್ತದೆ ಎಂಬುದಕ್ಕೆ ರಣಹದ್ದುಗಳೂ ಸಾಕ್ಷಿ. ದನಗಳ ನೋವಿಗೆ ಡೈಕ್ಲೊಫೆನಾಕ್ ಎಂಬ ಮದ್ದು ಕೊಡುತ್ತಿದ್ದರು. ಸತ್ತ ದನದ ಮಾಂಸದಲ್ಲಿ ಉಳಿದ ಆ ಮದ್ದು ಹದ್ದುಗಳ ಮೂತ್ರಪಿಂಡವನ್ನು ಕೆಡಿಸುತ್ತದೆ ಎಂದು 2004ರಲ್ಲಿ ತಿಳಿಯಿತು. ಅಷ್ಟರಲ್ಲಿ ದೇಶದ ಬಹುಪಾಲು ರಣಹದ್ದುಗಳು ಸತ್ತುಹೋಗಿದ್ದವು. 2006ರಲ್ಲಿ ದನಗಳಿಗೆ ಆ ಮದ್ದು ಕೊಡುವುದನ್ನು ನಿಷೇಧಿಸಲಾಯಿತು.

ಹಾಗಾದರೆ ನೀರು ಕುಡಿಯಬಾರದೆ?

ಹೆದರಬೇಡಿ. ಕುಡಿಯುವ ನೀರಿನಲ್ಲಿ ಸಾಮಾನ್ಯವಾಗಿ ಸಿಗುವ ಔಷಧದ ಅಂಶ ಒಂದು ಸಲ ನುಂಗುವ ಮದ್ದಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದರಿಂದ ನೇರವಾಗಿ ಕಾಯಿಲೆ ಬರುವ ಸಂಭವ ಬಹಳ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ತಿಳಿಸಿದೆ. ನೀರನ್ನು ಸೋಸಿ, ಕುದಿಸಿ, ಆರಿಸಿ ಕುಡಿಯುವುದನ್ನು ಬಿಡಬೇಡಿ. ಕುದಿಸಿದರೆ ಕಾಲರಾ, ವಿಷಮಶೀತಜ್ವರಗಳ ರೋಗಾಣು ಸಾಯುತ್ತದೆ. ಆದರೆ ಒಂದು ಮಾತು ನೆನಪಿಡಿ: ಕುದಿಸಿದರೆ ರೋಗಾಣು ಸಾಯುತ್ತದೆಯೇ ಹೊರತು, ನೀರಿನಲ್ಲಿ ಕರಗಿದ ಎಷ್ಟೋ ಔಷಧಗಳು ಹಾಗೆಯೇ ಉಳಿಯುತ್ತವೆ. ಒಮ್ಮೆ ಸೇರಿದ್ದನ್ನು ತೆಗೆಯುವುದು ಕಷ್ಟ. ಸೇರದಂತೆ ತಡೆಯುವುದು ಸುಲಭ.

ಆಕ್ಸ್‌ಫರ್ಡಿನ ಆ ಪೇದೆಯ ಮೂತ್ರವನ್ನು ನೆನಪಿಸಿಕೊಳ್ಳಿ. ನಾವು ನುಂಗಿದ ಮದ್ದಿನ ಒಂದು ಪಾಲು ಹೇಗೂ ಹೊರಗೆ ಬರುತ್ತದೆ. ನೀರಿಗೆ ಔಷಧ ಸೇರುವ ದೊಡ್ಡ ದಾರಿಗಳಲ್ಲಿ ಅದೂ ಒಂದು. ಆದ್ದರಿಂದ ಬೇಡದ ಮದ್ದನ್ನು ನುಂಗದಿರುವುದೂ ನೀರನ್ನು ಕಾಪಾಡುವ ಕೆಲಸವೇ.

ನಾವು ಏನು ಮಾಡಬಹುದು?

1. ಹಳೆಯ ಗುಳಿಗೆ, ಔಷಧಗಳನ್ನು ಚರಂಡಿ, ಶೌಚಾಲಯ, ಬಾವಿ, ಕೆರೆ, ಹಳ್ಳ, ತಿಪ್ಪೆಗಳಿಗೆ ಹಾಕಬಾರದು. ಒಲೆಯಲ್ಲಿ ಸುಡಬಾರದು.

2. ಅವನ್ನು ಒಂದು ಮುಚ್ಚಿದ ಡಬ್ಬಿಯಲ್ಲಿ, ಚಿಕ್ಕ ಮಕ್ಕಳ ಕೈಗೆ ಸಿಗದಂತೆ, ದೊಡ್ಡವರು ಬೇರೆಯಾಗಿ ಇಡಬೇಕು. ಎಲ್ಲಿಗೆ ಕೊಡಬೇಕೆಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಔಷಧದ ಅಂಗಡಿಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಬೇಕು. ಕೆಲವು ಬಹಳ ಕಟುವಾದ ನೋವಿನ ಮದ್ದುಗಳಿಗೆ ಬೇರೆ ನಿಯಮವಿದೆ. ಅದನ್ನು ವೈದ್ಯರೇ ಹೇಳುತ್ತಾರೆ.

3. ವೈದ್ಯರು ಐದು ದಿನ ಗುಳಿಗೆ ನುಂಗಲು ಹೇಳಿದರೆ ಎರಡೇ ದಿನಕ್ಕೆ ನಿಲ್ಲಿಸಬಾರದು. ಹೇಳಿದಷ್ಟು ದಿನ ನುಂಗಿದರೆ ಗುಳಿಗೆ ಉಳಿಯುವುದೇ ಇಲ್ಲ. ಉಳಿಯದಿದ್ದರೆ ಎಸೆಯುವ ಪ್ರಶ್ನೆಯೂ ಇಲ್ಲ.

4. ನೆಗಡಿ ಬರುವುದು ವೈರಸ್ಸಿನಿಂದ. ಪ್ರತಿಜೀವಕ ಅದನ್ನು ವಾಸಿ ಮಾಡುವುದಿಲ್ಲ. ವೈದ್ಯರು ಹೇಳದೆ ಅದನ್ನು ಕೊಳ್ಳಬಾರದು. ಉಳಿದುದನ್ನು ಬೇರೆಯವರಿಗೆ, ದನಕರುಗಳಿಗೆ, ಕೋಳಿಗಳಿಗೆ ಕೊಡಬಾರದು.

5. ಅವಧಿ ಮುಗಿದ ಔಷಧಗಳು ಮನೆಯ ಅಪಾಯಕಾರಿ ಕಸವೆಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಹೇಳಲಾಗಿತ್ತು. ಕೇರಳ ಸರ್ಕಾರ 2025ರಲ್ಲಿ ಬಳಸದ ಔಷಧಗಳನ್ನು ಮನೆಗಳಿಂದ ಸಂಗ್ರಹಿಸುವ ಯೋಜನೆಯನ್ನು ಕೋಳಿಕ್ಕೋಡಿನಲ್ಲಿ ಆರಂಭಿಸಿತು. ನಿಮ್ಮ ಊರಿನಲ್ಲಿ ಹಳೆಯ ಗುಳಿಗೆಗಳಿಗೆ ಒಂದು ಪೆಟ್ಟಿಗೆ ಇಡಬಹುದೆ? ಮುಂದಿನ ಮಕ್ಕಳ ಗ್ರಾಮ ಸಭೆಯಲ್ಲಿ ಕೇಳಿ. ಕೇಳುವುದು ನಿಮ್ಮ ಹಕ್ಕು.

ಕೊನೆಯ ದಿನಗಳು

ಖ್ಯಾತಿ ಬಂದ ಮೇಲೂ ಫ್ಲೆಮಿಂಗ್ ತಮ್ಮ ಹಳೆಯ ಆಸ್ಪತ್ರೆಯನ್ನು ಬಿಡಲಿಲ್ಲ. ಮಾತು ಕಡಿಮೆ, ಕೆಲಸ ಹೆಚ್ಚು. 1955ರ ಮಾರ್ಚ್ 11ರಂದು ಹೃದಯಾಘಾತದಿಂದ ಲಂಡನ್ನಿನಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವನ್ನು ಅಲ್ಲಿನ ಸೇಂಟ್ ಪಾಲ್ ಚರ್ಚಿನಲ್ಲಿ ಇಡಲಾಗಿದೆ.

ಬೇರೆಯವರು ಎಸೆಯುತ್ತಿದ್ದ ತಟ್ಟೆಯನ್ನು ಫ್ಲೆಮಿಂಗ್ ಎಸೆಯುವ ಮೊದಲು ಒಮ್ಮೆ ನೋಡಿದರು. ಅದರಿಂದ ಕೋಟ್ಯಂತರ ಜೀವ ಉಳಿಯಿತು. ನೀವೂ ಒಂದು ಗುಳಿಗೆಯನ್ನು ಎಸೆಯುವ ಮೊದಲು ಒಮ್ಮೆ ಯೋಚಿಸಿ. ಅವರು ಕೊಟ್ಟ ಮದ್ದು ನಿಮ್ಮ ಮಕ್ಕಳ ಕಾಲಕ್ಕೂ ಕೆಲಸ ಮಾಡಬೇಕಲ್ಲವೆ?

ನಿಮಗೆ ಗೊತ್ತೆ?

ಕೆಲವು ಗುಳಿಗೆಗಳ ಹಾಳೆಯ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿ ಇಲ್ಲದೆ ಇದನ್ನು ಕೊಳ್ಳಬಾರದು, ನುಂಗಬಾರದು ಎಂದು ಅದರ ಅರ್ಥ. ಪ್ರತಿಜೀವಕಗಳ ಮೇಲಿನ ಈ ಗೆರೆಯ ಬಗ್ಗೆ ಭಾರತ ಸರ್ಕಾರ 2016ರಲ್ಲಿ ಪ್ರಚಾರ ಆರಂಭಿಸಿತು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಆರು ಗಾಜಿನ ಲೋಟ, ಚಮಚ, ನೀಲಿ ಶಾಯಿ, ನೀರು.

ಪ್ರತಿ ಲೋಟಕ್ಕೂ ಒಂಬತ್ತು ಚಮಚ ನೀರು ಹಾಕಿ. ಮೊದಲ ಲೋಟಕ್ಕೆ ಒಂದು ಚಮಚ ಶಾಯಿ ಹಾಕಿ ಕಲಕಿ. ಅದರಿಂದ ಒಂದು ಚಮಚ ತೆಗೆದು ಎರಡನೆಯ ಲೋಟಕ್ಕೆ ಹಾಕಿ. ಹೀಗೆಯೇ ಆರನೆಯ ಲೋಟದವರೆಗೆ ಮಾಡಿ. ಪ್ರತಿ ಸಲವೂ ಚಮಚ ತೊಳೆಯಿರಿ. ಯಾವ ಲೋಟದಲ್ಲಿ ಬಣ್ಣ ಕಾಣದಾಯಿತು? ಆರನೆಯ ಲೋಟದಲ್ಲಿ ಶಾಯಿಯ ಪಾಲು ಹತ್ತು ಲಕ್ಷದಲ್ಲಿ ಒಂದು. ಕಣ್ಣಿಗೆ ಕಾಣದಿದ್ದರೂ ಶಾಯಿ ಅದರಲ್ಲಿದೆ. ನೀರಿನಲ್ಲಿ ಕರಗಿದ ಔಷಧವೂ ಹೀಗೆಯೇ. (ಈ ನೀರನ್ನು ಕುಡಿಯಬೇಡಿ.)

ಯೋಚಿಸಿ, ಉತ್ತರಿಸಿ

1. ಪೊಲೀಸ್ ಪೇದೆಯ ಮೂತ್ರವನ್ನು ವಿಜ್ಞಾನಿಗಳು ಏಕೆ ಸಂಗ್ರಹಿಸಿದರು?

2. ಸ್ವಲ್ಪ ಮದ್ದು ಹೆಚ್ಚು ಮದ್ದಿಗಿಂತ ಅಪಾಯಕಾರಿ ಆಗುವುದು ಹೇಗೆ?

3. ನಿಮ್ಮ ಓಣಿಯ ಚರಂಡಿ ನೀರು ಎಲ್ಲಿಗೆ ಹೋಗುತ್ತದೆ? ಅದರ ದಾರಿಯಲ್ಲಿ ಎಷ್ಟು ಬಾವಿ, ಕೊಳವೆಬಾವಿಗಳಿವೆ? ಗೆಳೆಯರೊಂದಿಗೆ ನಕ್ಷೆ ಬರೆಯಿರಿ.

4. ಮನೆಯಲ್ಲಿ ಉಳಿದ ಔಷಧಗಳನ್ನು ಏನು ಮಾಡುತ್ತಾರೆಂದು ಹತ್ತು ಮನೆಗಳಲ್ಲಿ ಕೇಳಿ ಪಟ್ಟಿ ಮಾಡಿ. ಔಷಧಗಳನ್ನು ನೀವು ಮುಟ್ಟಬೇಡಿ. ಪಟ್ಟಿಯನ್ನು ನಿಮ್ಮ ಶಿಕ್ಷಕರಿಗೆ ತೋರಿಸಿ.